ಮೇಜರ್ ಇನ್ನೂ ಗೊತ್ತಿಲ್ಲ, ಅರ್ಜಿ ಹಾಕಬಹುದಾ?

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿಯವಳು. ಸೆಕೆಂಡ್ ಪಿಯುಸಿ, ಪಿಸಿಎಂಬಿ. ಅಮೆರಿಕದಲ್ಲಿ ಡಿಗ್ರಿ ಓದುವ ಆಸೆ. ಆದರೆ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಯಾವುದು ಅಂತ ಇನ್ನೂ ಗೊತ್ತಿಲ್ಲ. ನಮ್ಮ ಅಡಿಕೆ ತೋಟದ ಕೊಳೆರೋಗ ನೋಡಿ ಬಯಾಲಜಿ ಇಷ್ಟವಾಯಿತು. ಅಡಿಕೆ ದರ ಯಾಕೆ ಹೀಗೆ ಏರಿಳಿಯುತ್ತದೆ ಅಂತ ತಿಳಿಯುವ ಹುಚ್ಚೂ ಇದೆ. ನ್ಯೂಜೆರ್ಸಿಯ ಚಿಕ್ಕಪ್ಪ, 'ಮೇಜರ್ ಹೇಳದಿದ್ದರೆ ಸೀಟೂ ಇಲ್ಲ, ವೀಸಾನೂ ಇಲ್ಲ. ಕಂಪ್ಯೂಟರ್ ಸೈನ್ಸ್ ಅಂತ ಹಾಕಿಬಿಡು' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಭಯ ಬಿಡಿ. ನಿಮ್ಮ ಚಿಕ್ಕಪ್ಪ ಬಹುಶಃ ಡಿಗ್ರಿ ಮುಗಿಸಿ ಎಂ.ಎಸ್. (ಸ್ನಾತಕೋತ್ತರ ಪದವಿ) ಮಾಡಲು ಹೋದವರು. ಎಂ.ಎಸ್.ಗೆ ಅರ್ಜಿ ಹಾಕುವುದೇ ಒಂದು ವಿಭಾಗಕ್ಕೆ, ಹಾಗಾಗಿ ಅವರ ಮಾತು ಅಲ್ಲಿಗೆ ಸರಿ. ಡಿಗ್ರಿಯ ದಾರಿ ಬೇರೆ. ಕಾಮನ್ ಆ್ಯಪ್ ಅಂದರೆ ಅನೇಕ ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಆನ್‌ಲೈನ್ ಅರ್ಜಿ. ಅದರಲ್ಲಿ ಅನೇಕ ಕಾಲೇಜುಗಳು 'ಅನ್‌ಡಿಸೈಡೆಡ್' (ಇನ್ನೂ ತೀರ್ಮಾನಿಸಿಲ್ಲ) ಅನ್ನುವ ಆಯ್ಕೆಯನ್ನೇ ಕೊಟ್ಟಿರುತ್ತವೆ. ಎಂಐಟಿಯಲ್ಲಂತೂ ಮೊದಲ ವರ್ಷ ಯಾರಿಗೂ ಮೇಜರ್ ಇರುವುದಿಲ್ಲ. ಆಮ್‌ಹರ್ಸ್ಟ್‌ನಂಥ, ಹಲವು ವಿಷಯ ಬೆರೆಸಿ ಓದಿಸುವ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಎರಡನೇ ವರ್ಷದ ಕೊನೆಯವರೆಗೂ ಸಮಯ ಇದೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸೈನ್ಸಾ, ಕಾಮರ್ಸಾ ಅಂತ ತೀರ್ಮಾನ ಮಾಡಿ ಬಂದ ನಮಗೆ ಇದು ನಂಬುವುದೇ ಕಷ್ಟ, ಅಲ್ವಾ?

ಆದರೆ ಎಲ್ಲ ಕಡೆ ಹೀಗಿಲ್ಲ. ಕಾರ್ನೆಗಿ ಮೆಲನ್, ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಕಡೆ 'ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಿಕೊಳ್ಳುತ್ತೇನೆ' ಅಂದುಕೊಂಡು ಹೋದರೆ ತುಂಬಾ ಕಷ್ಟ. ಅಲ್ಲಿ ಆ ಸೀಟು ಶುರುವಿನಲ್ಲೇ ಹೆಚ್ಚುಕಮ್ಮಿ ತುಂಬಿರುತ್ತದೆ. ಅದಕ್ಕೇ ಪಟ್ಟಿ ಮಾಡುವಾಗ ಕಾಲೇಜಿನ ಹೆಸರಿಗಿಂತ ಮೊದಲು ಇದನ್ನು ನೋಡಿ: ಇಲ್ಲಿ ಮೇಜರ್ ಬದಲಾಯಿಸಲು ಬಿಡುತ್ತಾರಾ, ಯಾವಾಗಿನವರೆಗೆ?

ವೀಸಾ ವಿಷಯ. ವಿದ್ಯಾರ್ಥಿ ವೀಸಾಕ್ಕೆ ಬೇಕಾಗುವ, ಕಾಲೇಜು ಕೊಡುವ ಐ-20 ಪತ್ರದಲ್ಲಿ ಮೇಜರ್ ಜಾಗದಲ್ಲಿ 'ಅನ್‌ಡಿಕ್ಲೇರ್ಡ್' (ಇನ್ನೂ ಘೋಷಿಸಿಲ್ಲ) ಅಂತಲೂ ಬರಬಹುದು. ಆಮೇಲೆ ಕಾಲೇಜಿನವರೇ ಅದನ್ನು ತಿದ್ದಿಕೊಡುತ್ತಾರೆ. ಆದರೆ ವೀಸಾ ಸಂದರ್ಶನದಲ್ಲಿ 'ಗೊತ್ತಿಲ್ಲ' ಅಂತ ಸುಮ್ಮನಾಗಬೇಡಿ. 'ಬಯಾಲಜಿ, ಎಕನಾಮಿಕ್ಸ್ ಎರಡನ್ನೂ ಓದಿ ನೋಡಿ ಆರಿಸುತ್ತೇನೆ, ಈ ಕಾಲೇಜು ಅದಕ್ಕೆ ಅವಕಾಶ ಕೊಡುತ್ತದೆ' ಅನ್ನಿ. ಅದು ನಿಜವೂ ಹೌದು.

ನನಗೆ ಮೇಜರ್‌ಗಿಂತ ಜಾಸ್ತಿ ಚಿಂತೆ ಇರುವುದು ದುಡ್ಡಿನದು. ಹಾರ್ವರ್ಡ್, ಯೇಲ್, ಎಂಐಟಿ, ಆಮ್‌ಹರ್ಸ್ಟ್ ಹೊರದೇಶದವರಿಗೂ ಮನೆಯ ಹಣ ನೋಡದೆ ಸೀಟು ಕೊಡುತ್ತವೆ, ಕೊರತೆಯನ್ನೂ ತುಂಬುತ್ತವೆ. ಆದರೆ ಅಲ್ಲಿ ಸೀಟು ಸಿಗುವುದು ಬಹಳ ಕಡಿಮೆ ಜನಕ್ಕೆ. ಬಹಳಷ್ಟು ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೊರದೇಶದವರಿಗೆ ನೆರವು ತೀರಾ ಕಡಿಮೆ. ವರ್ಷಕ್ಕೆ ಎಷ್ಟು ಹಾಕಲು ಆಗುತ್ತದೆ ಅಂತ ಅಪ್ಪ ಅಮ್ಮನ ಹತ್ತಿರ ಈಗಲೇ ಬಾಯಿಬಿಟ್ಟು ಕೇಳಿ. ತೋಟ ಅಡ ಇಡುವ ಮಾತು ಬಂದರೆ ದಯವಿಟ್ಟು ಬೇಡ ಅನ್ನಿ.

ಮನಸ್ಸಿಲ್ಲದ ಕಂಪ್ಯೂಟರ್ ಸೈನ್ಸ್ ಹೆಸರು ಸುಮ್ನೆ ಬರೆಯಬೇಡಿ. ಎಲ್ಲರೂ ಮುಗಿಬೀಳುವ ಸಾಲು ಅದು, ನಿಮ್ಮ ಅರ್ಜಿಯಲ್ಲಿ ಅದಕ್ಕೆ ತಕ್ಕ ಕೆಲಸವೂ ಕಾಣುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಿ, ಆಮೇಲೆ ಮಂಡಿಯಲ್ಲಿ ದರ ಕೇಳಿ ಅಪ್ಪ ಮಾತಿಲ್ಲದೆ ಬರುತ್ತಾರಲ್ಲ, ಒಂದೇ ಅಡಿಕೆಯಲ್ಲಿ ನಿಮ್ಮ ಎರಡೂ ಪ್ರಶ್ನೆಗಳಿವೆ. ಕಾಮನ್ ಆ್ಯಪ್‌ನ ಪ್ರಬಂಧಕ್ಕೆ 650 ಪದಗಳ ಮಿತಿ. ಅಷ್ಟರಲ್ಲಿ ಅದನ್ನು ಬರೆಯಿರಿ. ಮೊದಲ ಕರಡನ್ನು ಕನ್ನಡದಲ್ಲಿ ಅಪ್ಪನಿಗೆ ಓದಿ ಹೇಳಿ. ದರದ ಲೆಕ್ಕ ತಪ್ಪಿದ್ದರೆ ಅವರೇ ತಿದ್ದುತ್ತಾರೆ.