ಕೌನಾಸ್ ಪಾಠ ಎಲ್ಲಿಂದ ಶುರು ಮಾಡುವುದು?

ಲಿಥುವೇನಿಯಾದ ಕೌನಾಸ್ ತಾತ್ಕಾಲಿಕ ರಾಜಧಾನಿಯಾಗಿದ್ದ ಕಾಲವನ್ನು 9ನೇ ತರಗತಿಗೆ ಹೇಗೆ ಕಲಿಸಲಿ ಅಂತ ಕೇಳಿದ್ದೀರಿ. ಸುಮ್ನೆ ಇಸವಿಗಳಿಂದ ಶುರು ಮಾಡಬೇಡಿ. ಮೊದಲು ನಕ್ಷೆ ಹಾಕಿ. 1920ರಲ್ಲಿ ವಿಲ್ನಿಯಸ್ ಪೋಲೆಂಡಿನವರ ಕೈಗೆ ಹೋಯಿತು, ಆದರೂ ಲಿಥುವೇನಿಯಾದವರು ಅದೇ ನಮ್ಮ ರಾಜಧಾನಿ ಅಂತ ಪಟ್ಟು ಹಿಡಿದರು, ಅದಕ್ಕೇ ಕೌನಾಸ್‌ಗೆ ಈ ‘ತಾತ್ಕಾಲಿಕ’ ಅನ್ನುವ ಪದ ಅಂಟಿಕೊಂಡಿತು. ಆಮೇಲೆ ಕಟ್ಟಡಗಳ ಫೋಟೋ ತೋರಿಸಿ. ಬಿಟ್ಟುಹೋಗಲಿರುವ ಊರಲ್ಲಿ ಯಾರಾದರೂ ಇಷ್ಟು ಗಟ್ಟಿಯಾದ ಅಂಚೆ ಕಚೇರಿ, ಬ್ಯಾಂಕು ಕಟ್ಟಿಸುತ್ತಾರಾ? ಈ ಒಂದು ಪ್ರಶ್ನೆಗೆ ಇಡೀ ಪೀರಿಯಡ್ ಕೊಟ್ಟರೂ ಜಾಸ್ತಿ ಅಲ್ಲ. (2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಆ ಕಾಲದ ಕಟ್ಟಡಗಳಿಂದಲೇ ಅಲ್ವಾ.) ಊರಿನ ಯಹೂದಿಗಳನ್ನು ಮಾತ್ರ ದಯವಿಟ್ಟು ಬಿಡಬೇಡಿ. 1940ರಲ್ಲಿ ಜಪಾನಿನ ರಾಜತಾಂತ್ರಿಕ ಅಧಿಕಾರಿ ಸುಗಿಹಾರಾ ಯಹೂದಿ ನಿರಾಶ್ರಿತರಿಗೆ ವೀಸಾ ಬರೆದುಕೊಟ್ಟದ್ದೂ ಇದೇ ಊರಲ್ಲಿ.