ಸೋಲಾರ್ ಕೀಬೋರ್ಡ್ ಕೊಳ್ಳುವ ಮೊದಲು ಮೇಜಿನ ಮೇಲಿನ ಬೆಳಕು ನೋಡಿ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಹಳೆಯ ಹೆಂಚಿನ ಮನೆ. ತೋಟದ ಲೆಕ್ಕ, ಆಳುಗಳ ಬಟವಾಡೆ, ಮೆಣಸು ಮಾರಿದ ಬಿಲ್ಲು ಎಲ್ಲ ಕಂಪ್ಯೂಟರಿನಲ್ಲೇ ಇಡುತ್ತೇನೆ. ವೈರ್‌ಲೆಸ್ ಕೀಬೋರ್ಡಿನ ಶೆಲ್ ಸರಿಯಾಗಿ ಬಟವಾಡೆಯ ಹಿಂದಿನ ರಾತ್ರಿಯೇ ಮುಗಿಯುತ್ತದೆ. ಪೇಟೆ ದೂರ. ಮಗಳು ಬೆಂಗಳೂರಿನಿಂದ ಸೋಲಾರ್ ಕೀಬೋರ್ಡ್ ಕಳಿಸುತ್ತೇನೆ ಅನ್ನುತ್ತಿದ್ದಾಳೆ. ಮಳೆಗಾಲದಲ್ಲಿ ನಮಗೆ ಸೂರ್ಯನ ಮುಖವೇ ಕಾಣುವುದಿಲ್ಲ. ಇಲ್ಲಿ ಅದು ನಡೆಯುತ್ತಾ?

ಉತ್ತರ: ನಡೆಯುತ್ತದೆ, ಆದರೆ ನಿಮ್ಮ ಮೇಜು ಮನೆಯೊಳಗೆ ಎಲ್ಲಿದೆ ಅನ್ನುವುದು ಮುಖ್ಯ. ಮಳೆಗೆ ನೀವು ಹೆದರುವುದು ಬೇಡ. ಹೆದರಬೇಕಾದ್ದು ಮನೆಯೊಳಗಿನ ಕತ್ತಲೆಗೆ.

ಸೋಲಾರ್ ಅಂದ ಕೂಡಲೇ ನಮಗೆ ಛಾವಣಿ ಮೇಲಿನ ನೀರು ಕಾಯಿಸುವ ಸೋಲಾರ್ ನೆನಪಾಗುತ್ತದೆ. ಅದಕ್ಕೆ ಬಿಸಿಲು ಬೇಕೇ ಬೇಕು. ಕೀಬೋರ್ಡಿನದು ಬೇರೆ ಕತೆ. ಅಂಗಡಿಯವರು ಗಲ್ಲಾದ ಮೇಲೆ ಇಡುವ ಕ್ಯಾಲ್ಕುಲೇಟರ್ ನೋಡಿದ್ದೀರಲ್ವಾ, ಅದರ ತಲೆಯ ಮೇಲೆ ಕಪ್ಪು ಪಟ್ಟಿ ಇರುತ್ತದೆ. ಕೀಬೋರ್ಡಿನ ಮೇಲಿನ ಪಟ್ಟಿಯೂ ಅದೇ ಜಾತಿ. ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬು, ಕಿಟಕಿಯ ಬೆಳಕು ಯಾವುದಾದರೂ ಆಗುತ್ತದೆ. ಬೆಳಕಿನಿಂದ ಬಂದ ವಿದ್ಯುತ್ತು ಒಳಗಿರುವ ಒಂದು ಸಣ್ಣ ಬ್ಯಾಟರಿಗೆ ಹೋಗಿ ಕೂರುತ್ತದೆ. ರಾತ್ರಿ ಟೈಪ್ ಮಾಡುವಾಗ ಕೆಲಸ ಮಾಡುವುದು ಆ ಬ್ಯಾಟರಿಯೇ.

ಲಾಜಿಟೆಕ್ ಕಂಪನಿ 2010ರಲ್ಲಿ ಕೆ750 ಅನ್ನುವ ಸೋಲಾರ್ ಕೀಬೋರ್ಡ್ ತಂದಿತು. ಪೂರ್ತಿ ಚಾರ್ಜ್ ಆಗಿದ್ದರೆ ಗಾಢ ಕತ್ತಲಲ್ಲೂ 3 ತಿಂಗಳು ನಡೆಯುತ್ತದೆ ಅನ್ನುವುದು ಕಂಪನಿಯ ಮಾತು. ಅದೇ ಕಂಪನಿ 2025ರಲ್ಲಿ ತಂದ ಕೆ980ಗೆ 4 ತಿಂಗಳು ಅನ್ನುತ್ತಾರೆ. ಅಂದರೆ ಒಂದು ವಾರ ಮೋಡ ಮುಚ್ಚಿದರೆ ಏನೂ ಆಗುವುದಿಲ್ಲ. ಆದರೆ ಖರ್ಚಾದಷ್ಟು ಮತ್ತೆ ತುಂಬುತ್ತಲೇ ಇರಬೇಕು. ನಮ್ಮ ಕಡೆಯ ಮನೆಗಳಲ್ಲಿ ತೊಂದರೆ ಬರುವುದು ಇಲ್ಲೇ.

ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಕೆ980ಗೆ ಕಂಪನಿಯೇ ಕೇಳುವುದು 200 ಲಕ್ಸ್. ಆಫೀಸಿನ ಮೇಜಿಗೆ 300ರಿಂದ 500 ಇರಬೇಕು ಅನ್ನುತ್ತಾರೆ. ಹಾಗಾದರೆ ಹೆಂಚಿನ ಮನೆಯ ನಡುಕೋಣೆಯಲ್ಲಿ ಎಷ್ಟಿರುತ್ತದೆ?

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಸಕಲೇಶಪುರದ ಹತ್ತಿರ ನಮ್ಮ ಅಕ್ಕನ ಮನೆ. ಭಾವನಿಗೆ ಸೋಲಾರ್ ಕೀಬೋರ್ಡ್ ಕೊಡಿಸಿ, ಇನ್ನು ಶೆಲ್ಲಿನ ಗೋಜೇ ಇಲ್ಲ ಎಂದು ಹೇಳಿ ಬಂದೆ. ನಾಲ್ಕು ತಿಂಗಳಾಗುವಷ್ಟರಲ್ಲಿ ಅದು ಸತ್ತೇ ಹೋಯಿತು ಎಂದು ಫೋನು ಬಂತು. ಜುಲೈ ತಿಂಗಳು, ಹೊರಗೆ ಜಡಿಮಳೆ. ಹೋಗಿ ಮೇಜಿನ ಮೇಲೆ ಫೋನನ್ನು ಅಂಗಾತ ಇಟ್ಟು ಅಳೆದೆ. ಮಧ್ಯಾಹ್ನ ಹನ್ನೆರಡಕ್ಕೆ 38 ಲಕ್ಸ್. ಅದೇ ಕೋಣೆಯ ಕಿಟಕಿ ಪಕ್ಕ ಇಟ್ಟರೆ 420. ಅಡುಗೆಮನೆಯಲ್ಲಿ ಗಾಜಿನ ಹೆಂಚಿನ ಕೆಳಗೆ 300ರ ಆಚೀಚೆ. ಜಗಲಿಗೆ ಬಂದರೆ ಮಳೆ ಸುರಿಯುತ್ತಿರುವಾಗಲೇ 2,600! ಭಾವ ನಂಬಲೇ ಇಲ್ಲ. ಅವರ ಕಣ್ಣಿಗೆ ಮೇಜಿನ ಹತ್ತಿರ ಪೇಪರ್ ಓದುವಷ್ಟು ಬೆಳಕಿತ್ತು.

ನಮ್ಮ ಕಣ್ಣು ಮೋಸ ಮಾಡುವುದು ಹೀಗೆ. ಬೆಳಕು ಕಡಿಮೆಯಾದರೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಮಿದುಳೂ ಹೊಂದಿಕೊಳ್ಳುತ್ತದೆ. 38 ಲಕ್ಸೂ ಸಾಕು ಅನ್ನಿಸಿಬಿಡುತ್ತದೆ. ಸೋಲಾರ್ ಪಟ್ಟಿಗೆ ಆ ಹೊಂದಾಣಿಕೆ ಗೊತ್ತಿಲ್ಲ. ಬೆಳಕು ಹತ್ತರಲ್ಲಿ ಒಂದು ಪಾಲಾದರೆ ಅದು ಕೊಡುವ ವಿದ್ಯುತ್ತೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ಹಾಗಾಗಿ ಮಗಳಿಗೆ ಹೂಂ ಅನ್ನುವ ಮೊದಲು ಒಂದು ಕೆಲಸ ಮಾಡಿ. ಫೋನಿಗೆ ಬೆಳಕು ಅಳೆಯುವ ಒಂದು ಲೈಟ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಸೆಲ್ಫಿ ಕ್ಯಾಮೆರಾದ ಹತ್ತಿರ ಇದಕ್ಕೆ ಬೇಕಾದ ಸೆನ್ಸರ್ ಇರುತ್ತದೆ. ಕೀಬೋರ್ಡ್ ಇಡುವ ಜಾಗದಲ್ಲೇ ಫೋನನ್ನು ಅಂಗಾತ ಮಲಗಿಸಿ. ನಿಮ್ಮ ನೆರಳು ಬೀಳದ ಹಾಗೆ ಪಕ್ಕಕ್ಕೆ ನಿಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿದ ಮೇಲೆ ಮೂರು ಸಲ ಬರೆದುಕೊಳ್ಳಿ. ಫೋನಿನ ಅಳತೆ ಅಷ್ಟೇನೂ ಕರಾರುವಾಕ್ಕಲ್ಲ. ಆದರೆ 40ಕ್ಕೂ 400ಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿಯೇ ಹೇಳುತ್ತದೆ.

ದಿನಕ್ಕೆ ಕೆಲವು ಗಂಟೆಯಾದರೂ 200 ದಾಟಿದರೆ ಧೈರ್ಯವಾಗಿ ತರಿಸಿಕೊಳ್ಳಿ. 50ರ ಸುತ್ತಮುತ್ತ ಇದ್ದರೆ ಮೇಜನ್ನು ಕಿಟಕಿ ಹತ್ತಿರ ಎಳೆಯಲು ಆಗುತ್ತಾ ನೋಡಿ. ಬೆಳಕು ಕಿಟಕಿಯಿಂದ ಎರಡು ಮಾರು ಒಳಗೆ ಬರುವಷ್ಟರಲ್ಲೇ ಪಾತಾಳಕ್ಕೆ ಇಳಿದಿರುತ್ತದೆ. ಎರಚಲು ಹೊಡೆಯದ ಕಿಟಕಿ ಆಗಿರಲಿ. ಮೇಜು ಅಲ್ಲಾಡಿಸಲು ಆಗದಿದ್ದರೆ ಒಂದು ಟೇಬಲ್ ಲ್ಯಾಂಪ್ ಇಡಿ. 9 ವ್ಯಾಟಿನ ಎಲ್‌ಇಡಿ ಬಲ್ಬು ಸೂರಿನಿಂದ ನೇತಾಡುತ್ತಿದ್ದರೆ ಮೇಜಿಗೆ ಸಿಗುವುದು ಹೆಚ್ಚೆಂದರೆ 40, 50 ಲಕ್ಸ್. ಅದೇ ಬಲ್ಬು ಕೀಬೋರ್ಡಿನಿಂದ ಒಂದೂವರೆ ಅಡಿ ಮೇಲಿದ್ದರೆ 300, 400 ಸಿಗುತ್ತದೆ. ಬಲ್ಬು ಬದಲಾಗಿಲ್ಲ, ದೂರ ಮಾತ್ರ ಬದಲಾಗಿದೆ. ರಾತ್ರಿ ಲೆಕ್ಕ ಬರೆಯುವ ನಿಮ್ಮ ಕಣ್ಣಿಗೂ ಅದು ಒಳ್ಳೆಯದು. ಸುಮ್ನೆ ಕೀಬೋರ್ಡಿಗೋಸ್ಕರ ದಿನವಿಡೀ ದೀಪ ಉರಿಸಲು ಮಾತ್ರ ಹೋಗಬೇಡಿ. ಅದರಲ್ಲಿ ಅರ್ಥವಿಲ್ಲ.

ಭಾವನ ಕೀಬೋರ್ಡ್ ಆಮೇಲೆ ಬದುಕಿತು. ಭಾನುವಾರ ಬೆಳಗ್ಗೆ ಅದನ್ನು ಜಗಲಿಯ ಒಳಬದಿಯಲ್ಲಿ ಇಟ್ಟು ಸಂಜೆ ಒಳಗೆ ತರುತ್ತಾರೆ, ಅಷ್ಟೇ. ಹಾಗಂತ ಕಾಫಿ ಕಣದಲ್ಲಿ ಸುಡುಬಿಸಿಲಿಗೆ ಹರಡಬೇಡಿ. ಪಟ್ಟಿಗೆ ಬೆಳಕು ಇಷ್ಟ, ಒಳಗಿನ ಲಿಥಿಯಂ ಬ್ಯಾಟರಿಗೆ ಬಿಸಿ ಒಗ್ಗುವುದಿಲ್ಲ. ಕಾಯ್ದ ಕಾರಿನೊಳಗೆ ಬಿಟ್ಟು ಹೋಗುವುದೂ ತಪ್ಪು. ಕುಯ್ಲಿನ ಸಮಯದಲ್ಲಿ ಕಣದ ಧೂಳು ಮನೆಯೊಳಗೆಲ್ಲ ಬಂದು ಕೂರುತ್ತದೆ, ಆಗ ವಾರಕ್ಕೊಮ್ಮೆ ಪಟ್ಟಿಯನ್ನು ಸ್ವಲ್ಪ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಗೀರು ಬಿದ್ದ ಪಟ್ಟಿ, ಧೂಳು ಕೂತ ಪಟ್ಟಿ ಎರಡೂ ಬೆಳಕು ಕದಿಯುತ್ತವೆ.

ಇನ್ನು ಇದನ್ನೂ ಹೇಳಬೇಕು. ನಿಮ್ಮ ನಿಜವಾದ ಕಷ್ಟ ಶೆಲ್ ಮುಗಿಯುವುದಲ್ಲ, ಬಟವಾಡೆಯ ಹಿಂದಿನ ರಾತ್ರಿ ಮುಗಿಯುವುದು. ಟಿ.ವಿ. ರಿಮೋಟಿಗೆ ಹಾಕುವಂಥ ಎರಡು ಸಣ್ಣ ಶೆಲ್ಲಿನಲ್ಲಿ 2 ವರ್ಷ ನಡೆಯುತ್ತದೆ ಎಂದು ಹೇಳಿಕೊಳ್ಳುವ ಕೀಬೋರ್ಡುಗಳು ಸೋಲಾರ್‌ಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ. ಲಾಜಿಟೆಕ್ಕಿನ ಕೆ270 ಅಂಥದ್ದು. ಜಾಸ್ತಿ ಟೈಪ್ ಮಾಡುವವರಿಗೆ ಅದರ ಅರ್ಧ ಬಂದರೂ ವರ್ಷಕ್ಕೆ ಎರಡು ಶೆಲ್ ಆಯಿತು. ಡ್ರಾಯರಿನಲ್ಲಿ ಒಂದು ಜೊತೆ ಹೊಸ ಶೆಲ್ ಇಟ್ಟುಬಿಟ್ಟರೆ ನಿಮ್ಮ ರಾತ್ರಿಯ ಪರದಾಟ ಇವತ್ತೇ ಮುಗಿಯಿತು. ನಿಮ್ಮ ಈಗಿನ ಕೀಬೋರ್ಡ್ ತಿಂಗಳು ಎರಡು ತಿಂಗಳಿಗೇ ಶೆಲ್ ತಿನ್ನುತ್ತಿದ್ದರೆ ತೊಂದರೆ ಶೆಲ್ಲಿನದಲ್ಲ, ಕೀಬೋರ್ಡಿನದು. ಶೆಲ್ ಕೂರುವ ಗೂಡಿನ ಸ್ಪ್ರಿಂಗ್ ನೋಡಿ. ನಮ್ಮ ಥಂಡಿಗೆ ಅಲ್ಲಿ ಹಸಿರು ಕಿಲುಬು ಕಟ್ಟುವುದು ಮಾಮೂಲು.

ನನ್ನನ್ನು ಕೇಳಿದರೆ, ಮೇಜು ಕಿಟಕಿ ಪಕ್ಕ ಬರುವುದಾದರೆ ಸೋಲಾರ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಮಗಳಿಗೆ ಒಳ್ಳೆಯ ಟೇಬಲ್ ಲ್ಯಾಂಪ್ ಕಳಿಸಲು ಹೇಳಿ.

ಪ್ರಶ್ನೆ: ಹಾಸನದಲ್ಲಿ ನಮ್ಮದೊಂದು ಡಿಟಿಪಿ ಸೆಂಟರ್ ಇದೆ. ಆರು ಸಿಸ್ಟಮ್. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಟ್ಯೂಬ್‌ಲೈಟ್ ಉರಿಯುತ್ತಲೇ ಇರುತ್ತದೆ. ಆರಕ್ಕೂ ಸೋಲಾರ್ ಕೀಬೋರ್ಡ್ ಹಾಕಿದರೆ ಕರೆಂಟ್ ಬಿಲ್ಲು ಕಡಿಮೆಯಾಗುತ್ತಾ? ಕನ್ನಡದ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಲು ಅದು ಸರಿಹೋಗುತ್ತಾ?

ಉತ್ತರ: ಬೆಳಕಿನ ಮಟ್ಟಿಗೆ ನಿಮ್ಮದು ಹೇಳಿ ಮಾಡಿಸಿದ ಜಾಗ. ದಿನಕ್ಕೆ 10 ಗಂಟೆ ಟ್ಯೂಬ್‌ಲೈಟಿನ ಕೆಳಗೆ ಇದ್ದರೆ ಚಾರ್ಜಿನ ಚಿಂತೆ ಇರುವುದಿಲ್ಲ.

ಆದರೆ ಸೆಸ್ಕ್‌ನ ಕರೆಂಟ್ ಬಿಲ್ಲಿನಲ್ಲಿ ಒಂದು ಪೈಸೆಯ ಉಳಿತಾಯವೂ ಕಾಣುವುದಿಲ್ಲ. ಲೆಕ್ಕ ನೋಡಿ. ಕೆ750ಯೊಳಗಿನ ಬ್ಯಾಟರಿ 3 ವೋಲ್ಟಿನದು, ಅಂಥ ಬ್ಯಾಟರಿ 65 ಮಿಲಿಆಂಪ್ ಅವರ್ ಹಿಡಿಯುತ್ತದೆ. ಎರಡನ್ನೂ ಗುಣಿಸಿದರೆ 0.2 ವ್ಯಾಟ್ ಅವರ್ ಕೂಡ ಆಗುವುದಿಲ್ಲ. ಒಂದು ಯೂನಿಟ್ ಅಂದರೆ 1,000 ವ್ಯಾಟ್ ಅವರ್. ಒಂದು ಯೂನಿಟ್ಟಿನಲ್ಲಿ ಇಂಥ ಬ್ಯಾಟರಿಯನ್ನು 5,000 ಸಲ ತುಂಬಬಹುದು! ಬಿಲ್ಲು ಇಳಿಸಬೇಕಾದರೆ ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿ. ಊಟಕ್ಕೆ ಏಳುವಾಗ ಮಾನಿಟರ್ ಆರಿಸಿ. ಅಲ್ಲಿ ಉಳಿಯುತ್ತದೆ.

ಸೋಲಾರ್ ಕೀಬೋರ್ಡಿನಿಂದ ನಿಮಗೆ ನಿಜವಾಗಿ ಉಳಿಯುವುದು ಶೆಲ್. ಆರು ಸಿಸ್ಟಮಿಗೂ ಶೆಲ್ಲಿನ ಕೀಬೋರ್ಡ್ ಇದ್ದರೆ ಒಂದು ಸುತ್ತಿಗೆ 12 ಶೆಲ್ ಕಸಕ್ಕೆ ಹೋಗುತ್ತದೆ. ಅದು ತಪ್ಪುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಆದರೆ ಮೇಜಿನ ಮೇಲೇ ಸದಾ ಕೂತಿರುವ ಸಿಸ್ಟಮಿಗೆ ವೈರ್ ಇರುವ ಕೀಬೋರ್ಡ್ ಸಾಲದೇ? ಅದಕ್ಕೆ ಬ್ಯಾಟರಿಯೇ ಬೇಡ. ಗಿರಾಕಿಯ ಮುಂದೆ ಮೇಜು ಚೊಕ್ಕಟವಾಗಿರಬೇಕಾದ ಒಂದೋ ಎರಡೋ ಸಿಸ್ಟಮಿಗೆ ಮಾತ್ರ ಸೋಲಾರ್ ಕೊಳ್ಳಿ. ಉಳಿದ ನಾಲ್ಕಕ್ಕೆ ಗಟ್ಟಿಯಾದ ವೈರ್ ಕೀಬೋರ್ಡ್ ಇರಲಿ.

ನುಡಿಗೆ ಯಾವ ತೊಂದರೆಯೂ ಇಲ್ಲ. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು. ಇಂಗ್ಲಿಷಿನ 'ಕೆ' ಒತ್ತಿದರೆ 'ಕ', 'ಜಿ' ಒತ್ತಿದರೆ 'ಗ'. ಅಕ್ಷರ ಮೂಡಿಸುವುದು ಸಾಫ್ಟ್‌ವೇರ್. ಕೀಬೋರ್ಡ್ ಸೋಲಾರ್ ಆದರೂ ಒಂದೇ, ವೈರಿನದಾದರೂ ಒಂದೇ. ನೋಡಬೇಕಾದ್ದು ಕೀಲಿಯ ಒತ್ತು. ಸೋಲಾರ್ ಕೀಬೋರ್ಡುಗಳು ತೆಳ್ಳಗಿರುತ್ತವೆ, ಲ್ಯಾಪ್‌ಟಾಪಿನ ಹಾಗೆ ಕೀಲಿ ಸ್ವಲ್ಪವೇ ಒಳಗೆ ಹೋಗುತ್ತದೆ. ಎತ್ತರದ ಕೀಲಿಗೆ ಕೈ ಪಳಗಿದವರಿಗೆ ಮೊದಲ ವಾರ ತಪ್ಪು ಜಾಸ್ತಿ. ಒತ್ತಕ್ಷರ ಬರೆಯುವಾಗಲೆಲ್ಲ 'ಎಫ್' ಕೀಲಿ ಒತ್ತುತ್ತೀರಿ. ಅಂಗಡಿಯಲ್ಲಿ 'ಅಕ್ಕ, ಅಣ್ಣ, ಕೃಷಿ, ಸ್ತ್ರೀ' ಎಂದು ನಾಲ್ಕು ಸಾಲು ಹೊಡೆದು ನೋಡಿಯೇ ದುಡ್ಡು ಕೊಡಿ. ಟೈಪ್ ಮಾಡುವ ಹುಡುಗಿಯನ್ನೇ ಕರೆದುಕೊಂಡು ಹೋಗಿ. ದಿನವಿಡೀ ಒತ್ತುವುದು ಅವಳ ಬೆರಳು, ನಿಮ್ಮದಲ್ಲ.

ಬ್ಲೂಟೂತ್ ಬೇಕೋ, ಯುಎಸ್‌ಬಿಗೆ ಸಿಕ್ಕಿಸುವ ರಿಸೀವರ್ ಬೇಕೋ ಎಂದರೆ ನಿಮಗೆ ರಿಸೀವರೇ ಸರಿ. ಹಳೆಯ ಸಿಪಿಯುಗಳಲ್ಲಿ ಬ್ಲೂಟೂತ್ ಇರುವುದಿಲ್ಲ. ಇದ್ದರೂ ವಿಂಡೋಸ್ ಶುರುವಾಗುವ ಮೊದಲು ಬರುವ ಬಯೋಸ್ ಪರದೆಯಲ್ಲಿ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ರಿಪೇರಿಗೆ ಕೂತಾಗ ಅದು ದೊಡ್ಡ ತಲೆನೋವು. ರಿಸೀವರನ್ನು ಸಿಪಿಯು ಹಿಂದೆ, ಅದರಲ್ಲೂ ನೀಲಿ ಯುಎಸ್‌ಬಿ 3 ಕಿಂಡಿಯ ಪಕ್ಕ ಚುಚ್ಚಬೇಡಿ. ಆ ಕಿಂಡಿಯಲ್ಲಿ ಹಾರ್ಡ್‌ಡಿಸ್ಕ್ ಓಡುವಾಗ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ಅಡ್ಡ ಬರುತ್ತದೆ. ಆಗ ಅಕ್ಷರ ತಪ್ಪಿಹೋಗುತ್ತದೆ, ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಮುಂದಿನ ಕಿಂಡಿಗೆ ಹಾಕಿ, ಇಲ್ಲವೇ ಒಂದು ಸಣ್ಣ ಎಕ್ಸ್‌ಟೆನ್ಷನ್ ಕೇಬಲ್ಲಿನಲ್ಲಿ ಮೇಜಿನ ಮೇಲೆ ತನ್ನಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕೆ750 ಕೊಂಡೆ. ಕಿಟಕಿ ಪಕ್ಕ ಇಟ್ಟರೂ ಸಂಜೆಯಾದರೆ ನಿಂತುಹೋಗುತ್ತದೆ. ಒಂದು ಅಂಗಡಿಯಲ್ಲಿ, ವಾಚಿನಂಥ ಬಿಲ್ಲೆ ಬ್ಯಾಟರಿ, 2032 ಹಾಕಿಕೊಳ್ಳಿ ಸರಿಹೋಗುತ್ತದೆ ಅಂದರು. ಹಾಕಲೇ? ಮನೆಯಲ್ಲಿ ಎರಡು ವರ್ಷದ ಮೊಮ್ಮಗ ಇದ್ದಾನೆ, ಎಲ್ಲವನ್ನೂ ಬಾಯಿಗೆ ಹಾಕುತ್ತಾನೆ.

ಉತ್ತರ: ದಯವಿಟ್ಟು ಹಾಗೆಯೇ ಹಾಕಬೇಡಿ. 2032 ಅನ್ನುವುದು ಅಳತೆ ಮಾತ್ರ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದರ ಹಿಂದಿನ ಎರಡು ಅಕ್ಷರ ಮುಖ್ಯ. ಅಂಗಡಿಗಳಲ್ಲಿ ಸಲೀಸಾಗಿ ಸಿಗುವುದು ಸಿಆರ್2032. ಅದನ್ನು ಚಾರ್ಜ್ ಮಾಡುವ ಹಾಗಿಲ್ಲ. ನಿಮ್ಮ ಕೀಬೋರ್ಡಿಗೆ ಬೇಕಾದ್ದು ಎಂಎಲ್2032, ಅದು ಮತ್ತೆ ಮತ್ತೆ ಚಾರ್ಜ್ ಆಗುವಂಥದ್ದು. ಸಿಆರ್ ಹಾಕಿದರೆ ಮೊದಲು ಚೆನ್ನಾಗಿಯೇ ನಡೆಯುತ್ತದೆ. ಆದರೆ ಸೋಲಾರ್ ಪಟ್ಟಿ ಅದಕ್ಕೆ ಬಲವಂತವಾಗಿ ಚಾರ್ಜ್ ತುಂಬಲು ಹೋಗುತ್ತದೆ. ಆಗ ಅದು ಬಿಸಿಯಾಗಬಹುದು, ಸೋರಬಹುದು, ಒಡೆಯಲೂಬಹುದು.

ನಿಮ್ಮ ಕೀಬೋರ್ಡಿನ ತೊಂದರೆ ಬಹುಶಃ ಮುಪ್ಪು. ತುಂಬಾ ದಿನ ಕಪಾಟಿನ ಕತ್ತಲಲ್ಲಿ ಪೂರ್ತಿ ಬರಿದಾಗಿ ಬಿದ್ದಿದ್ದರೆ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಪಕ್ಕದ ಅಂಚಿನಲ್ಲಿರುವ ಸಣ್ಣ ತಟ್ಟೆಯನ್ನು ಉಗುರಿನಿಂದ ಎಳೆದರೆ ಬಿಲ್ಲೆ ಹೊರಬರುತ್ತದೆ. ಹೊಸದನ್ನು ಹಾಕುವಾಗ ಪ್ಲಸ್ ಯಾವ ಕಡೆ ಇತ್ತು ಅನ್ನುವುದನ್ನು ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಮೊಮ್ಮಗನ ವಿಷಯಕ್ಕೆ ಬರುತ್ತೇನೆ. ಬಿಲ್ಲೆ ಬ್ಯಾಟರಿ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಟ್ಟುಬಿಡಬಲ್ಲದು. ಸತ್ತ ಬ್ಯಾಟರಿಯೂ ಅಷ್ಟೇ ಅಪಾಯ. ನುಂಗಿದ ಅನುಮಾನ ಬಂದರೂ ಕಾಯಬೇಡಿ, ವಾಂತಿ ಮಾಡಿಸಲು ಹೋಗಬೇಡಿ, ನೇರ ದೊಡ್ಡಾಸ್ಪತ್ರೆಗೆ ಓಡಿ. ಬ್ಯಾಟರಿ ಬದಲಿಸುವ ಕೆಲಸವನ್ನು ಮಗು ಮಲಗಿದ ಮೇಲೆ ಮಾಡಿ. ತೆಗೆದ ಬಿಲ್ಲೆಯ ಎರಡೂ ಬದಿಗೆ ಟೇಪ್ ಸುತ್ತಿ, ಎತ್ತರದ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಾಂಪೌಂಡಿನ ಆಚೆ ಎಸೆಯಬೇಡಿ.

ಹೊಸ ಎಂಎಲ್ ಬಿಲ್ಲೆ ಹಾಕಿದ ಮೇಲೆ ಒಂದು ಹಗಲು ಕಿಟಕಿ ಪಕ್ಕ ಬಿಡಿ. ಸಂಜೆ ಮೇಲ್ತುದಿಯ ಬಲಗಡೆಯ ಗುಂಡಿ ಒತ್ತಿ. ನಗುವ ಮುಖದ ದೀಪ ಹತ್ತಿದರೆ ಸರಿಯಾಯಿತು. ಅಳುವ ಮುಖದ ಕೆಂಪು ದೀಪ ಬಂದರೆ ಇನ್ನೆರಡು ಹಗಲು ಅಲ್ಲೇ ಬಿಡಿ. ಆಮೇಲೂ ಅದೇ ಬಂದರೆ ಕೆಟ್ಟಿರುವುದು ಬಹುಶಃ ಬ್ಯಾಟರಿಯಲ್ಲ, ಪಟ್ಟಿ. ಅದರ ಮೇಲೆ ಮತ್ತೆ ದುಡ್ಡು ಹಾಕಬೇಡಿ.