ಯಹೂದಿ ಮಹಿಳಾ ಸಂಘಗಳು ತಮ್ಮ ಸ್ವಯಂಸೇವಕಿಯರನ್ನು ಗೌರವಿಸುವುದು ನಮ್ಮ ಸನ್ಮಾನದಂಥದ್ದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಅಮೆರಿಕದಲ್ಲಿ ನಿಮ್ಮ ಮಗಳು ನೆಲೆಸಿರುವ ಊರಿನ ಯಹೂದಿ ಮಹಿಳಾ ಸಂಘವು ಪ್ರತಿವರ್ಷ ಒಬ್ಬ ಸ್ವಯಂಸೇವಕಿಯನ್ನು ಗೌರವಿಸುತ್ತದೆ. ಈ ಸಲ ಆ ಗೌರವ ಅವಳ ನೆರೆಮನೆಯ ಹಿರಿಯರಿಗೆ ಸಂದಿದೆ, ಅವಳಿಗೂ ಆಹ್ವಾನ ಬಂದಿದೆ. ಇದು ನಮ್ಮ ಶಾಲು, ಹಾರ, ಫಲತಾಂಬೂಲದ ಸನ್ಮಾನದಂಥದ್ದೇ, ಆಹ್ವಾನಪತ್ರದಲ್ಲಿ ಸೇವೆಯ ಜೊತೆಗೆ ‘ಅಡ್ವೊಕೆಸಿ’ ಎಂಬ ಮಾತು ಏಕೆ ಇದೆ, ಯಹೂದಿಯಲ್ಲದ ನಿಮ್ಮ ಮಗಳು ಅಂಥ ಸಂಘದಲ್ಲಿ ದುಡಿಯಬಹುದೇ ಎಂದು ಕೇಳಿದ್ದೀರಿ. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ನಗರದಲ್ಲಿ ಇಂಥದ್ದೇ ಒಂದು ಸಂಘದ ಜೊತೆ ಕೆಲವು ವರ್ಷ ಕೆಲಸ ಮಾಡಿದವಳಾದ್ದರಿಂದ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ. ಆಗ ನಾನು ಎಚ್‌-4 ವೀಸಾದ ಮೇಲೆ, ಅಂದರೆ ಅಲ್ಲಿ ಉದ್ಯೋಗದಲ್ಲಿರುವವರ ಸಂಗಾತಿಗೆ ಸಿಗುವ ವೀಸಾದ ಮೇಲೆ ಅಲ್ಲಿದ್ದೆ. ಸಂಬಳದ ಕೆಲಸಕ್ಕೆ ಅನುಮತಿ ಇರಲಿಲ್ಲ, ಮನೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ ಬೇಕು, ಏಕೆಂದರೆ ಈ ಗೌರವದ ಅರ್ಥ ಆ ಹಿನ್ನೆಲೆಯಲ್ಲೇ ಇದೆ. ಅಮೆರಿಕದ ಯಹೂದಿ ಮಹಿಳೆಯರ ಸಂಘಟಿತ ಸೇವೆ ಬಹಳ ಹಳೆಯದು. ಫಿಲಡೆಲ್ಫಿಯಾದಲ್ಲಿ ರೆಬೆಕಾ ಗ್ರಾಟ್ಸ್ 1819ರಲ್ಲೇ ಬಡ ಯಹೂದಿ ಹೆಂಗಸರಿಗಾಗಿ ಹೆಂಗಸರೇ ನಡೆಸುವ ಸಹಾಯ ಸಂಘವನ್ನು ಕಟ್ಟಿದ್ದರು. ಆದರೆ ಸೇವೆಯ ಜೊತೆ ಸರ್ಕಾರದ ಬಾಗಿಲನ್ನೂ ತಟ್ಟುವ, ದೇಶವ್ಯಾಪಿಯಾದ ಒಂದು ಸಂಘಟನೆ ಹುಟ್ಟಿದ್ದು 1893ರಲ್ಲಿ, ಚಿಕಾಗೋದಲ್ಲಿ. ಸ್ವಾಮಿ ವಿವೇಕಾನಂದರ ಭಾಷಣದಿಂದಾಗಿ ನಮಗೆಲ್ಲ ಪರಿಚಿತವಾದ ಸರ್ವಧರ್ಮ ಸಮ್ಮೇಳನದ ಸಂದರ್ಭವೇ ಅದು. ಆ ಸಮ್ಮೇಳನದಲ್ಲಿ ಯಹೂದಿ ಮಹಿಳೆಯರ ಭಾಗವನ್ನು ಸಂಘಟಿಸುವ ಹೊಣೆ ಹ್ಯಾನಾ ಗ್ರೀನ್‌ಬಾಮ್ ಸಾಲೊಮನ್ ಎಂಬ ಚಿಕಾಗೋದ ಗೃಹಿಣಿಗೆ ಬಿತ್ತು. ದೇಶದ ಯಾವ ಊರಿನಲ್ಲಿ ಯಾರಿದ್ದಾರೆಂಬ ಪಟ್ಟಿಯೇ ಇಲ್ಲದ ಕಾಲದಲ್ಲಿ ಅವರು ಊರೂರಿಗೆ ತಮ್ಮ ಕೈಯಾರೆ ಪತ್ರ ಬರೆದು ಹೆಸರುಗಳನ್ನು ಸಂಗ್ರಹಿಸಿದರು. ಯಹೂದಿ ಪುರುಷರ ಸಮಿತಿ ಒಂದಾಗಿ ಕೆಲಸ ಮಾಡೋಣವೆಂದು ಕರೆಯಿತು. ಹೋಗಿ ನೋಡಿದರೆ ಕಾರ್ಯಕ್ರಮ ಪಟ್ಟಿಯಲ್ಲಿ ಒಬ್ಬ ಮಹಿಳೆಯ ಹೆಸರೂ ಇರಲಿಲ್ಲ. ಹಾಗಿದ್ದರೆ ನಿಮ್ಮೊಡನೆ ಸಹಕರಿಸಲು ನಮಗೆ ಮನಸ್ಸಿಲ್ಲ, ಈ ಸಭೆಗೆ ನಾವು ಬಂದಿದ್ದೆವೆಂಬುದನ್ನೇ ನಡಾವಳಿಯಿಂದ ತೆಗೆದುಹಾಕಿ ಎಂದು ಹೇಳಿ ಅವರು ಎದ್ದು ಬಂದರು. ಮಹಿಳೆಯರು ತಮ್ಮದೇ ಸಮಾವೇಶ ನಡೆಸಿದರು, ಅದರ ಕೊನೆಯಲ್ಲಿ ‘ನ್ಯಾಷನಲ್ ಕೌನ್ಸಿಲ್ ಆಫ್ ಜ್ಯೂಯಿಶ್ ವಿಮೆನ್’ ಹುಟ್ಟಿತು. ಇಂದು ಅದರ ಅನೇಕ ಸ್ಥಳೀಯ ಶಾಖೆಗಳು ಕೊಡುವ ಗೌರವದ ಹೆಸರು ‘ಹ್ಯಾನಾ ಜಿ. ಸಾಲೊಮನ್ ಪ್ರಶಸ್ತಿ’. ತನ್ನ ಹಾಜರಿಯನ್ನು ಅಳಿಸಿಹಾಕಿ ಎಂದವರ ಹೆಸರಿನಲ್ಲೇ ಇನ್ನೊಬ್ಬರ ಕೆಲಸವನ್ನು ದಾಖಲಿಸುವ ಪದ್ಧತಿ ನಡೆದುಬಂದಿರುವುದು ನನಗೆ ಈಗಲೂ ಸೋಜಿಗವೆನಿಸುತ್ತದೆ.

‘ದಾಖಲಿಸುವ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಆ ಕಾಲದ ವರದಿಗಳಲ್ಲಿ ಸ್ವತಃ ಹ್ಯಾನಾ ಅವರು ಕಾಣಿಸುವುದು ‘ಶ್ರೀಮತಿ ಹೆನ್ರಿ ಸಾಲೊಮನ್’ ಎಂದು, ಅಂದರೆ ಗಂಡನ ಹೆಸರಿನಿಂದ. ದುಡಿದವಳ ಸ್ವಂತ ಹೆಸರು ಯಾವ ಕಾಗದದಲ್ಲೂ ಇಲ್ಲದಿರುವುದು ಅಂದಿನ ರೂಢಿ. ನಮ್ಮಲ್ಲಿಯೂ ದೇವಸ್ಥಾನದ ದಾಸೋಹಕ್ಕೆ ನಲವತ್ತು ವರ್ಷ ತರಕಾರಿ ಹೆಚ್ಚಿದವರ ಹೆಸರು ಯಾವ ಶಿಲಾಫಲಕದಲ್ಲಿದೆ ಹೇಳಿ?

ಈಗ ನಿಮ್ಮ ಎರಡನೆಯ ಪ್ರಶ್ನೆ. ಅಡ್ವೊಕೆಸಿ ಎಂಬುದಕ್ಕೆ ನಮ್ಮ ಬರಹಗಾರರು ಹಕ್ಕೊತ್ತಾಯ ಎನ್ನುತ್ತಾರೆ. ನನಗೆ ‘ಒಬ್ಬರ ಪರ ವಕಾಲತ್ತು ವಹಿಸುವುದು’ ಎಂಬ ಹಳೆಯ ಮಾತೇ ಹೆಚ್ಚು ಹೊಂದುತ್ತದೆ ಎನಿಸುತ್ತದೆ. ಈ ಸಂಘಗಳಲ್ಲಿ ಸೇವೆಯೂ ವಕಾಲತ್ತೂ ಬೇರೆ ಬೇರೆ ವಿಭಾಗಗಳಲ್ಲ. ಸೇವೆ ಮಾಡುವಾಗ ಕಣ್ಣಿಗೆ ಬಿದ್ದದ್ದೇ ಮುಂದೆ ವಕಾಲತ್ತಿಗೆ ಸಾಕ್ಷ್ಯವಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೌನ್ಸಿಲ್‌ನ ಕಾರ್ಯಕರ್ತೆಯರು ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ನಿಂತು, ಪೂರ್ವ ಯುರೋಪಿನಿಂದ ಒಂಟಿಯಾಗಿ ಹಡಗಿಳಿಯುತ್ತಿದ್ದ ಯಹೂದಿ ಹುಡುಗಿಯರನ್ನು ಅವರದೇ ಯಿಡ್ಡಿಶ್ ಭಾಷೆಯಲ್ಲಿ ಮಾತನಾಡಿಸುತ್ತಿದ್ದರು. ಕೆಲಸ ಕೊಡಿಸುವುದಾಗಿ ನಂಬಿಸಿ ಕರೆದೊಯ್ದು ಮಾರುವವರು ಅಲ್ಲಿ ಕಾದಿರುತ್ತಿದ್ದ ಕಾಲ ಅದು. ಹುಡುಗಿ ಯಾವ ಊರಿಗೆ ಹೊರಟಿದ್ದಾಳೋ ಆ ಊರಿನ ಶಾಖೆಗೆ ಅವಳ ಹೆಸರು, ವಿಳಾಸ ತಲುಪುತ್ತಿತ್ತು. ಅಲ್ಲಿನ ಸದಸ್ಯೆಯೊಬ್ಬರು ಆ ಮನೆಗೆ ಹೋಗಿ, ಅವಳು ನಿಜವಾಗಿಯೂ ಬಂಧುಗಳ ಮನೆಯನ್ನೇ ಸೇರಿದ್ದಾಳೆಯೇ ಎಂದು ಕಣ್ಣಾರೆ ನೋಡಿ ಬರುತ್ತಿದ್ದರು. ಹೀಗೆ ಮನೆಮನೆಗೆ ಹೋದವರೇ ಮುಂದೆ ವಲಸೆ ಕಾನೂನಿನ ಬಗ್ಗೆ ಸರ್ಕಾರದ ಮುಂದೆ ಮಾತನಾಡಿದರು. 1972ರಲ್ಲಿ ಕೌನ್ಸಿಲ್ ಶಿಶುವಿಹಾರಗಳ ಸ್ಥಿತಿಗತಿಯ ಬಗ್ಗೆ ಪ್ರಕಟಿಸಿದ ವರದಿ ಕೂಡ ಹೀಗೆಯೇ ಸಿದ್ಧವಾದದ್ದು. ಸ್ಥಳೀಯ ಸದಸ್ಯೆಯರು ತಾವೇ ಹೋಗಿ, ಮಕ್ಕಳನ್ನು ಎಲ್ಲಿ ಮಲಗಿಸುತ್ತಾರೆ, ಒಬ್ಬ ಆರೈಕೆದಾರಳ ಪಾಲಿಗೆ ಎಷ್ಟು ಮಕ್ಕಳಿದ್ದಾರೆ ಎಂದು ನೋಡಿ ಬರೆದುಕೊಂಡು ಬಂದದ್ದೇ ಅದರ ಆಧಾರ.

ಹ್ಯಾನಾ ಅವರ ಬದುಕಿನ ಒಂದು ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. ನಗರದ ಕಸದ ವಿಲೇವಾರಿಯನ್ನು ಪರಿಶೀಲಿಸುವ ಮಹಿಳಾ ಸಮಿತಿಯೊಂದರ ಮುಖ್ಯಸ್ಥೆಯಾಗಿ ಅವರು ನೆಲ ಗುಡಿಸುವಂಥ ಬಿಳಿಯ ಉಡುಪು ತೊಟ್ಟು, ಕೈಯಲ್ಲಿ ಕೊಡೆ ಹಿಡಿದು ಚಿಕಾಗೋದ ಕಸದ ತಿಪ್ಪೆಗಳ ನಡುವೆ ನಡೆದರು. ವರದಿ ಬರೆಯುವ ಮೊದಲು ತಿಪ್ಪೆಗೆ ಹೋಗಬೇಕೆಂಬ ಈ ಪಟ್ಟು ಆ ಪರಂಪರೆಯ ಎಲ್ಲ ಸಂಘಗಳಲ್ಲೂ ಎಷ್ಟೋ ಮಟ್ಟಿಗೆ ಉಳಿದಿದೆ.

ನಾನು ಕಂಡ ಸಂಘವು ಹಳೆಯ ಬಟ್ಟೆಗಳನ್ನು ದಾನವಾಗಿ ಪಡೆದು ಮಾರುವ ಅಂಗಡಿಯೊಂದನ್ನು ನಡೆಸುತ್ತಿತ್ತು. ನನ್ನನ್ನು ಮೊದಲ ದಿನ ನಿಲ್ಲಿಸಿದ್ದು ಬಟ್ಟೆ ವಿಂಗಡಿಸುವ ಮೇಜಿನ ಮುಂದೆ, ಎಂಬತ್ತು ದಾಟಿದ ಒಬ್ಬರ ಪಕ್ಕದಲ್ಲಿ. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನ್ನ ಬಾಯಿಗೆ ಅದು ಬರಲಿಲ್ಲ, ಕೊನೆಯವರೆಗೂ ‘ಆಂಟಿ’ ಎಂದೇ ಕರೆದೆ, ಅವರು ಅದನ್ನು ಕೇಳಿ ಪ್ರತಿಸಲವೂ ನಗುತ್ತಿದ್ದರು. ಕೋಟು ಕೈಗೆ ಬಂದೊಡನೆ ಅವರು ಮೊದಲು ಎರಡೂ ಜೇಬುಗಳಿಗೆ ಕೈ ಹಾಕುತ್ತಿದ್ದರು. ಚಿಲ್ಲರೆ, ಸಿನಿಮಾ ಟಿಕೆಟ್ಟಿನ ಚೂರು, ಒಮ್ಮೆ ಯಾರದೋ ಮದುವೆಯುಂಗುರವೂ ಸಿಕ್ಕಿತ್ತು. ಆಮೇಲೆ ಜಿಪ್ಪನ್ನು ಮೂರು ಸಲ ಮೇಲೆ ಕೆಳಗೆ ಎಳೆಯುವುದು, ಕಾಲರಿನ ಒಳಮಗ್ಗುಲನ್ನು ಬೆಳಕಿಗೆ ಹಿಡಿದು ನೋಡುವುದು. ಬಿದ್ದ ಗುಂಡಿಗೆ ಬದಲಿ ಹುಡುಕಲು ಗಾಜಿನ ದೊಡ್ಡ ಭರಣಿಯೊಂದರ ತುಂಬ ಗುಂಡಿಗಳಿದ್ದವು. ಕೊಳ್ಳುವವರು ಬಡವರೆಂಬ ಕಾರಣಕ್ಕೆ ಕೆಟ್ಟ ಜಿಪ್ಪಿನ ಕೋಟನ್ನು ತೂಗುಹಾಕಬಾರದು ಎಂಬುದು ಅವರ ಕಟ್ಟಳೆ.

ಅದೇ ಆಂಟಿ ಪ್ರತಿ ಮಂಗಳವಾರ ನ್ಯಾಯಾಲಯಕ್ಕೆ ಹೋಗುತ್ತಿದ್ದರು. ತಾಯಂದಿರು ನ್ಯಾಯಾಧೀಶರ ಮುಂದೆ ನಿಲ್ಲುವಾಗ ಅವರ ಮಕ್ಕಳನ್ನು ನೋಡಿಕೊಳ್ಳುವ ಕೊಠಡಿಯಲ್ಲಿ ಅವರು ಕೂರುತ್ತಿದ್ದರು. ಗಂಡನ ಹೊಡೆತದಿಂದ ರಕ್ಷಣೆ ಕೋರಿ ಬಂದ ಹೆಂಗಸು, ಆ ಹೊಡೆತದ ಕಥೆಯನ್ನು ನಾಲ್ಕು ವರ್ಷದ ಮಗುವಿನ ಎದುರಿಗೇ ಹೇಳಬೇಕಾದರೆ ಅರ್ಧ ಹೇಳಿ ನಿಲ್ಲಿಸುತ್ತಾಳೆ ಎಂದು ಅವರು ನನಗೆ ವಿವರಿಸಿದ್ದರು. ಇಂಥ ಕೊಠಡಿ ಇಲ್ಲದ ನ್ಯಾಯಾಲಯಗಳಲ್ಲಿ ಮಕ್ಕಳನ್ನು ಬಿಡಲು ಜಾಗವಿಲ್ಲದೆ ವಿಚಾರಣೆಗೇ ಬಾರದವರು ಎಷ್ಟು ಮಂದಿ ಎಂಬುದನ್ನು ಅವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಲೆಕ್ಕವಿಟ್ಟಿದ್ದರು. ಆ ನೋಟ್‌ಬುಕ್ಕನ್ನು ಹಿಡಿದುಕೊಂಡು ರಾಜ್ಯದ ಶಾಸಕರ ಕಚೇರಿಗೆ ಹೋದ ತಂಡದಲ್ಲಿ ನಾನೂ ಇದ್ದೆ, ಕಾರು ಓಡಿಸುವ ಮಟ್ಟಿಗೆ. ಅಲ್ಲಿನ ಕಾನೂನಿನ ಪ್ರಕಾರ ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಗಳು ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವಾಗಿಯೂ ಪ್ರಚಾರ ಮಾಡುವಂತಿಲ್ಲ. ಆದರೆ ಒಂದು ಮಿತಿಯೊಳಗೆ ಮಸೂದೆಗಳ ಪರವಾಗಿಯೋ ವಿರುದ್ಧವಾಗಿಯೋ ಶಾಸಕರೊಡನೆ ವಾದಿಸಬಹುದು. ನಿಮ್ಮ ಆಹ್ವಾನಪತ್ರದಲ್ಲಿರುವ ಪದಕ್ಕೆ ಇಷ್ಟೇ ಅರ್ಥ.

ಹಾಗಾದರೆ ಇದು ನಮ್ಮ ಸನ್ಮಾನದಂಥದ್ದೇ? ಹೌದು, ಅಲ್ಲ, ಎರಡೂ. ಶುಕ್ರವಾರ ಸಂಜೆ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಆರಂಭವಾಗುವಾಗ ಅನೇಕ ಯಹೂದಿ ಮನೆಗಳಲ್ಲಿ ಬೈಬಲಿನ ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯದಿಂದ ‘ಏಶೆತ್ ಹಾಯಿಲ್’, ಅಂದರೆ ಧೀರ ಗೃಹಿಣಿಯ ಸ್ತುತಿಯನ್ನು ಹಾಡುತ್ತಾರೆ. ಅವಳ ಕೈಗಳ ಫಲವನ್ನು ಅವಳಿಗೇ ಕೊಡಿರಿ, ಊರಬಾಗಿಲುಗಳಲ್ಲಿ ಅವಳ ಕಾರ್ಯಗಳೇ ಅವಳನ್ನು ಹೊಗಳಲಿ ಎಂಬುದು ಅದರ ಕೊನೆಯ ಸಾಲಿನ ಭಾವ. ಪ್ರಾಚೀನ ಕಾಲದಲ್ಲಿ ಊರಬಾಗಿಲೆಂದರೆ ಹಿರಿಯರು ಕುಳಿತು ನ್ಯಾಯ ತೀರ್ಮಾನ ಮಾಡುತ್ತಿದ್ದ ಸ್ಥಳ, ನಮ್ಮ ಹಳ್ಳಿಗಳ ಅರಳಿಕಟ್ಟೆಯಂತೆ. ಮನೆಯೊಳಗಿನ ದುಡಿಮೆಯ ಹೊಗಳಿಕೆ ನ್ಯಾಯದ ಕಟ್ಟೆಯ ಮೇಲೆ ಕೇಳಿಸಬೇಕೆಂಬ ಆ ಮಾತು ಈ ಮಹಿಳೆಯರಿಗೆ ಬಹಳ ಪ್ರಿಯ. ಆದರೆ ಅದೇ ಪರಂಪರೆಯಲ್ಲಿ ಇದಕ್ಕೆ ಎದುರು ನಿಲ್ಲುವ ಇನ್ನೊಂದು ಮಾತೂ ಇದೆ. ಹನ್ನೆರಡನೆಯ ಶತಮಾನದ ಪಂಡಿತ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ. ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಗುರುತೇ ಸಿಗದ ದಾನ ಮೇಲಿನಿಂದ ಎರಡನೆಯದು. ಮೊದಲನೆಯದು, ಪಡೆದವನು ಮತ್ತೆ ಕೈಚಾಚದಂತೆ ಅವನನ್ನು ಅವನ ಕಾಲ ಮೇಲೆ ನಿಲ್ಲಿಸುವುದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಾವೂ ಹೇಳುತ್ತೇವಲ್ಲ. ಗುಟ್ಟಾಗಿ ಕೊಡುವುದೇ ದೊಡ್ಡದಾದರೆ ವೇದಿಕೆ ಹತ್ತಿಸಿ ಹೊಗಳುವುದೇಕೆ ಎಂದು ನಾನು ಆಂಟಿಯನ್ನೇ ಕೇಳಿದ್ದೆ. ಹಣ ಕೊಟ್ಟವರ ಹೆಸರು ಮುಚ್ಚಿಡಬಹುದು, ಸಮಯ ಕೊಟ್ಟವರ ಹೆಸರು ಮುಚ್ಚಿಟ್ಟರೆ ನಾಳೆ ಆ ಕೆಲಸಕ್ಕೆ ಯಾರನ್ನು ಕೇಳಬೇಕೆಂದೇ ತಿಳಿಯುವುದಿಲ್ಲ ಎಂದು ಅವರು ಉತ್ತರಿಸಿದರು, ಕೋಟಿನ ಜಿಪ್ಪು ಎಳೆಯುತ್ತಲೇ.

ಇದರಲ್ಲಿ ಹುಳುಕಿಲ್ಲವೆಂದು ನಾನು ಹೇಳಲಾರೆ. ಈ ಗೌರವ ಸಮಾರಂಭಗಳು ಬಹುಮಟ್ಟಿಗೆ ನಿಧಿ ಸಂಗ್ರಹದ ಭೋಜನಕೂಟಗಳು. ಊಟಕ್ಕೆ ಕೂರುವ ಆಸನಗಳನ್ನು ಮೇಜಿನ ಲೆಕ್ಕದಲ್ಲಿ ಮಾರುತ್ತಾರೆ, ನಮ್ಮ ಸ್ಮರಣ ಸಂಚಿಕೆಯಂಥ ಪುಸ್ತಿಕೆಯಲ್ಲಿ ಶುಭಾಶಯದ ಜಾಹೀರಾತುಗಳನ್ನು ಪುಟದ ಲೆಕ್ಕದಲ್ಲಿ ಮಾರುತ್ತಾರೆ. ಹಾಗಾಗಿ ಹತ್ತು ಮೇಜು ಕೊಳ್ಳಬಲ್ಲ ಬಂಧುಬಳಗವಿರುವವರ ಕಡೆಗೆ ಆಯ್ಕೆ ವಾಲುವ ಅಪಾಯ ಇದ್ದೇ ಇದೆ. ನಾನಿದ್ದ ಒಂದು ವರ್ಷ ಹಾಗೆಯೇ ಆಯಿತು, ವಿಂಗಡಣೆ ಮೇಜಿನ ಸುತ್ತ ಒಂದು ತಿಂಗಳು ಮಾತು ಬಿಗಿಯಾಗಿತ್ತು. ಮುಂದಿನ ವರ್ಷ ಆಂಟಿಯ ಸರದಿ ಬಂದಾಗ ಅವರ ಕಡೆಯವರು ಕೊಂಡದ್ದು ಒಂದೇ ಮೇಜು, ಅದರಲ್ಲಿ ಒಂದು ಕುರ್ಚಿ ನನ್ನದು. ಶಾಲು, ಹಾರ, ಪೇಟ ಇರಲಿಲ್ಲ. ಅಧ್ಯಕ್ಷೀಯ ಭಾಷಣದ ಕಾಟವೂ ಇರಲಿಲ್ಲ, ಅದಕ್ಕಾಗಿ ಇಂದಿಗೂ ಕೃತಜ್ಞಳಾಗಿದ್ದೇನೆ. ಅವರ ನೋಟ್‌ಬುಕ್ಕಿನ ಒಂದು ಪುಟವನ್ನು ಪರದೆಯ ಮೇಲೆ ತೋರಿಸಿ, ಗೆರೆಗಳನ್ನು ಎಣಿಸಿ, ಇನ್ನೊಂದು ನ್ಯಾಯಾಲಯದಲ್ಲಿಯೂ ಇಂಥ ಕೊಠಡಿ ತೆರೆಯಲು ಈ ರಾತ್ರಿಯ ಹಣ ಹೋಗುತ್ತದೆ ಎಂದು ಘೋಷಿಸಿದರು. ಆಂಟಿ ಎರಡು ನಿಮಿಷ ಮಾತನಾಡಿದರು. ಅದರಲ್ಲಿ ಅರ್ಧ ಭಾಗ ಮಂಗಳವಾರಕ್ಕೆ ಇನ್ನಿಬ್ಬರು ಬೇಕೆಂಬ ಕೋರಿಕೆ.

ಕನ್ನಡಿಗರಾದ ನಮಗೆ ಹತ್ತಿರದ ಒಂದು ಹೆಸರನ್ನೂ ಇಲ್ಲಿ ಹೇಳಬೇಕು. ಭಾರತದ ಬೆನೆ ಇಸ್ರೇಲ್ ಯಹೂದಿ ಸಮುದಾಯದ ವೈದ್ಯೆ ಡಾ. ಜೆರುಶಾ ಜಿರಾಡ್ ಹುಟ್ಟಿದ್ದು ಶಿವಮೊಗ್ಗದಲ್ಲಿ. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿನಲ್ಲಿ ಪ್ರಸೂತಿ ಶಾಸ್ತ್ರ ಕಲಿತು ಬಂದ ಅವರು ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ 1947ರವರೆಗೆ ದುಡಿದರು. 1950ರಲ್ಲಿ ದೇಶದ ಪ್ರಸೂತಿ ತಜ್ಞರ ಒಕ್ಕೂಟ ರೂಪುಗೊಂಡಾಗ ಅದರ ಮೊದಲ ಅಧ್ಯಕ್ಷೆಯಾದರು. 1925ರಲ್ಲಿ ಮುಂಬಯಿಯಲ್ಲಿ ಸುಧಾರಣಾವಾದಿ ಯಹೂದಿ ಸಭೆಯನ್ನು ಕಟ್ಟಿದವರಲ್ಲಿಯೂ ಅವರು ಪ್ರಮುಖರು. 1966ರಲ್ಲಿ ಪದ್ಮಶ್ರೀ ಬಂತು. ಶಿವಮೊಗ್ಗದ ನನ್ನ ಸೋದರತ್ತೆಗೆ ಈ ಹೆಸರು ಹೇಳಿದಾಗ ಅವರು ಕೇಳಿಯೇ ಇರಲಿಲ್ಲ. ನಾನೂ ಕೇಳಿದ್ದು ಅಮೆರಿಕದ ಆ ಬಟ್ಟೆಯ ಮೇಜಿನ ಮುಂದೆ, ಭಾರತದ ಯಹೂದಿಗಳ ಬಗ್ಗೆ ಓದಿಕೊಂಡಿದ್ದ ಇನ್ನೊಬ್ಬ ಸದಸ್ಯೆಯ ಬಾಯಿಂದ.

ಕೊನೆಯದಾಗಿ, ನಿಮ್ಮ ಮಗಳು ಸೇರಬಹುದೇ ಎಂಬುದು. ಸ್ವಯಂಸೇವೆಗೆ ಯಹೂದಿಯಾಗಿರಬೇಕೆಂಬ ಷರತ್ತನ್ನು ನಾನಿದ್ದ ಕಡೆ ಯಾರೂ ಹಾಕಲಿಲ್ಲ. ಸಂಘದ ನೆರವು ಪಡೆಯುವವರಲ್ಲಿಯೂ ಹೆಚ್ಚಿನವರು ಯಹೂದಿಗಳಾಗಿರಲಿಲ್ಲ. ಗರ್ಭಪಾತದ ಹಕ್ಕಿನಂಥ ವಿಷಯಗಳಲ್ಲಿ ಕೌನ್ಸಿಲ್‌ಗೆ ಸ್ಪಷ್ಟವಾದ ನಿಲುವಿದೆ, ಅದನ್ನು ಅದು ಬಹಿರಂಗವಾಗಿಯೇ ಪ್ರತಿಪಾದಿಸುತ್ತದೆ. ಅವಳ ಊರಿನ ಸಂಘ ಅದರ ಶಾಖೆಯಾಗಿದ್ದರೆ ಆ ನಿಲುವುಗಳನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು. ಅವಳು ವೀಸಾದ ಮೇಲಿದ್ದರೆ, ಸಂಬಳ ಸಿಗುವ ಹುದ್ದೆಯ ಕೆಲಸವನ್ನು ಪುಕ್ಕಟೆಯಾಗಿ ಮಾಡುವುದು ತೊಡಕಿಗೆ ದಾರಿಯಾಗಬಹುದು. ಎಲ್ಲರೂ ಉಚಿತವಾಗಿಯೇ ಮಾಡುವ ಕೆಲಸವನ್ನು ಕೇಳಿ ಪಡೆಯಲಿ. ಸಮಾರಂಭಕ್ಕೆ ಹೂಗುಚ್ಛ ಒಯ್ಯಬೇಕಾಗಿಲ್ಲ, ನೆರೆಮನೆಯವರ ಹೆಸರಿನಲ್ಲಿ ಆ ಪುಸ್ತಿಕೆಗೆ ಒಂದು ಸಣ್ಣ ಶುಭಾಶಯ ಬರೆಸಿದರೆ ಸಾಕು. ಮುದ್ರಣಕ್ಕೆ ಹೋಗುವ ಕೊನೆಯ ದಿನಾಂಕ ಸಾಮಾನ್ಯವಾಗಿ ಆಹ್ವಾನಪತ್ರದಲ್ಲೇ ಇರುತ್ತದೆ, ಒಮ್ಮೆ ನೋಡಿಕೊಳ್ಳಲು ಹೇಳಿ.